ಪಿಚರ್ ಬೇಕಾ, ಬ್ಯಾಟರ್ ಬೇಕಾ? ಪಿಟ್ಸ್‌ಬರ್ಗ್‌ನ ಮೊದಲ ಪಿಕ್‌ಗಾಗಿ ನಮ್ಮ ಮನೆಯ ಜಗಳ

2023ರ ಬೇಸಿಗೆಯಲ್ಲಿ ಪಿಟ್ಸ್‌ಬರ್ಗ್‌ನ ಬೇಸ್‌ಬಾಲ್ ಹುಚ್ಚರಿಗೆಲ್ಲ ಒಂದೇ ಮಾತು. ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ, ನಮ್ಮೂರ ಪೈರೇಟ್ಸ್ ತಂಡಕ್ಕೆ ಮೊದಲ ಪಿಕ್ (ಮೊದಲ ಆಯ್ಕೆ) ಸಿಕ್ಕಿದೆ, ಯಾರನ್ನು ತಗೋಬೇಕು? ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ) ಕಾಲೇಜಿನ ಪಿಚರ್, ಅಂದರೆ ಚೆಂಡು ಎಸೆಯುವ ಪಾಲ್ ಸ್ಕೀನ್ಸ್‌ನನ್ನಾ, ಅದೇ ತಂಡದ ಬ್ಯಾಟರ್, ಔಟ್‌ಫೀಲ್ಡರ್ ಡಿಲನ್ ಕ್ರೂಸ್‌ನನ್ನಾ? ನಾನು ಸ್ಕೀನ್ಸ್ ಕಡೆ. ಸಾಫ್ಟ್‌ಬಾಲ್ ಆಡುವ ನನ್ನ ಮಗಳು ಕ್ರೂಸ್ ಕಡೆ. ಊಟದ ಟೇಬಲ್ಲು, ಕಾರು, ದೇವಸ್ಥಾನದ ಪಾರ್ಕಿಂಗು, ಎಲ್ಲಾ ಕಡೆ ಇದೇ ವಾದ.

ಐಪಿಎಲ್ ಹರಾಜು ನೋಡಿದವರಿಗೆ ಡ್ರಾಫ್ಟ್ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಇಲ್ಲಿ ಕೂಗಾಟ ಇಲ್ಲ, ಸರದಿ ಇದೆ. ಜಾಸ್ತಿ ಸೋತ ತಂಡಗಳಿಗೆ ಮೊದಲ ಸರದಿ. 2022ರಲ್ಲಿ ಪೈರೇಟ್ಸ್ 100 ಪಂದ್ಯ ಸೋತಿತ್ತು. ಬೇಕಂತಲೇ ಸೋಲುವುದನ್ನು ತಡೆಯಲು ಆ ವರ್ಷ ಮೊದಲ ಸಲ ಲಾಟರಿ ತಂದರು. ನಮಗಿಂತ ಜಾಸ್ತಿ ಸೋತವರನ್ನು ದಾಟಿ ಒಂದನೇ ನಂಬರ್ ನಮಗೆ ಬಂತು. ಅಂದಹಾಗೆ ಇದೇ ಪೈರೇಟ್ಸ್ 2008ರಲ್ಲಿ ಭಾರತದ ಇಬ್ಬರು ಜಾವೆಲಿನ್ ಹುಡುಗರನ್ನು, ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್‌ರನ್ನು, ಪಿಚರ್ ಮಾಡುತ್ತೇವೆ ಅಂತ ಸೇರಿಸಿಕೊಂಡಿತ್ತು. ಅದು ಡ್ರಾಫ್ಟ್ ಅಲ್ಲ. ಡ್ರಾಫ್ಟ್ ಇರುವುದು ಅಮೆರಿಕ, ಕೆನಡಾ, ಪೋರ್ಟೊ ರಿಕೊ ಹುಡುಗರಿಗೆ ಮಾತ್ರ.

ವಾದಕ್ಕೆ ಕೂರುವ ಮೊದಲು ನಾನು ನೋಡುವುದು ಆಟವನ್ನಲ್ಲ, ದುಡ್ಡನ್ನು. ಸಹಿ ಮಾಡುವ ಹುಡುಗನಿಗೆ ತಂಡ ಬೋನಸ್ ಕೊಡುತ್ತದೆ, ಅದಕ್ಕೆ ಪ್ರತಿ ಪಿಕ್‌ಗೂ ಲೀಗ್ ಒಂದು ಬೆಲೆ ಕಟ್ಟಿರುತ್ತದೆ. ಅದಕ್ಕೆ ಸ್ಲಾಟ್ ಅನ್ನುತ್ತಾರೆ. ಮೊದಲ ಹತ್ತು ಸುತ್ತಿನ ಸ್ಲಾಟ್‌ಗಳನ್ನು ಕೂಡಿಸಿದರೆ ತಂಡದ ಬೋನಸ್ ಪೂಲ್. ಪೂಲ್‌ಗಿಂತ ಶೇಕಡ 5ರಷ್ಟು ಮೀರಿದರೆ ದಂಡ ಮಾತ್ರ, ಅದನ್ನೂ ದಾಟಿದರೆ ಮುಂದಿನ ಡ್ರಾಫ್ಟ್‌ನ ಪಿಕ್ಕೇ ಹೋಗುತ್ತದೆ. ಹಾಗಾಗಿ ಒಬ್ಬನ ಹತ್ತಿರ ಉಳಿಸಿದ ದುಡ್ಡು ಇನ್ನೊಬ್ಬನಿಗೆ ಆಗುತ್ತದೆ. 2021ರಲ್ಲಿ ಪೈರೇಟ್ಸ್ ಅದನ್ನೇ ಮಾಡಿತ್ತು. ಮೊದಲ ಪಿಕ್‌ನಲ್ಲಿ ಕ್ಯಾಚರ್ ಹೆನ್ರಿ ಡೇವಿಸ್‌ನನ್ನು ಸ್ಲಾಟ್‌ಗಿಂತ ತುಂಬಾ ಕಡಿಮೆಗೆ, 65 ಲಕ್ಷ ಡಾಲರ್‌ಗೆ ಒಪ್ಪಿಸಿತು. ಉಳಿದ ದುಡ್ಡಿನ ಬಲದಿಂದ ಮೂರನೇ ಸುತ್ತಿನಲ್ಲಿ ಬಬ್ಬಾ ಚಾಂಡ್ಲರ್ ಎಂಬ ಹೈಸ್ಕೂಲ್ ಹುಡುಗನಿಗೆ 30 ಲಕ್ಷ ಕೊಟ್ಟಿತು.

ಈ ಸಲವೂ ಅದೇ ಆಟ ಆಡಬಹುದು ಎಂಬ ಗುಸುಗುಸು ಇತ್ತು. ಇಂಡಿಯಾನಾದ ಹೈಸ್ಕೂಲ್ ಹುಡುಗ ಮ್ಯಾಕ್ಸ್ ಕ್ಲಾರ್ಕ್ ಕಡಿಮೆಗೆ ಒಪ್ಪಬಹುದಂತೆ ಅಂತ. ಇದನ್ನು ನಾನು ಒಪ್ಪಲಿಲ್ಲ. ಮುಂದಿರುವ ನಾಲ್ಕೈದು ಜನ ಹತ್ತಿರ ಹತ್ತಿರ ಒಂದೇ ಮಟ್ಟದವರಾದರೆ ದುಡ್ಡು ಉಳಿಸುವುದು ಜಾಣತನ. ಒಬ್ಬನು ಎಲ್ಲರಿಗಿಂತ ಎದ್ದು ಕಂಡರೆ ಅದು ಬರೀ ಜಿಪುಣತನ. ಸ್ಕೀನ್ಸ್ ಎದ್ದು ಕಾಣುತ್ತಿದ್ದನಾ ಅನ್ನುವುದೇ ಪ್ರಶ್ನೆ.

ಅದಕ್ಕೆ ಕೂತು ಪಂದ್ಯ ನೋಡಿದೆ. 100 ಮೈಲಿ ವೇಗ ಎಲ್ಲರಿಗೂ ಕಾಣುತ್ತದೆ, ಅದನ್ನು ನೋಡಲು ಮೀಟರ್ ಸಾಕು. ನಾನು ಕಾಯುತ್ತಿದ್ದದ್ದು ಆರನೇ, ಏಳನೇ ಇನಿಂಗ್ಸ್‌ಗೆ. ಸುಸ್ತಾದ ಮೇಲೆ ಕೈ ಕೆಳಗೆ ಇಳಿಯುತ್ತದಾ? ಒಬ್ಬ ಬ್ಯಾಟರ್ ಮೂರನೇ ಸಲ ಎದುರಾದಾಗ ಇವನ ಹತ್ತಿರ ಹೊಸದೇನಾದರೂ ಇದೆಯಾ? ಜೂನ್‌ನಲ್ಲಿ ಒಮಾಹಾದಲ್ಲಿ ನಡೆದ ಕಾಲೇಜ್ ವರ್ಲ್ಡ್ ಸೀರೀಸ್‌ನಲ್ಲಿ ವೇಕ್ ಫಾರೆಸ್ಟ್ ಕಾಲೇಜಿನ ವಿರುದ್ಧ ಸ್ಕೀನ್ಸ್ 8 ಇನಿಂಗ್ಸ್, 120 ಎಸೆತ, ಒಂದೂ ರನ್ ಇಲ್ಲ. ಆ ಕಡೆಯ ಪಿಚರ್ ರೆಟ್ ಲೌಡರ್ ಕೂಡ ರನ್ ಕೊಡಲಿಲ್ಲ. 11ನೇ ಇನಿಂಗ್ಸ್‌ನಲ್ಲಿ ಎಲ್‌ಎಸ್‌ಯುನ ಟಾಮಿ ವೈಟ್ ಹೋಮ್ ರನ್ ಹೊಡೆದು 2-0 ಗೆಲುವು ತಂದ. ಆ ಸೀಸನ್‌ನಲ್ಲಿ ಸ್ಕೀನ್ಸ್ ಒಟ್ಟು 209 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್) ಮಾಡಿದ. ಅವರ ಕಾನ್ಫರೆನ್ಸ್‌ನಲ್ಲಿ, ಅಂದರೆ ಅವರು ಆಡುವ ಕಾಲೇಜುಗಳ ಗುಂಪಿನಲ್ಲಿ, ಬೆನ್ ಮೆಕ್‌ಡೊನಾಲ್ಡ್ 1989ರಲ್ಲಿ ಮಾಡಿದ್ದ 202ರ ದಾಖಲೆ ಹೋಯಿತು.

"ಅಪ್ಪಾ, ಅವನು ಐದು ದಿನಕ್ಕೊಂದ್ಸಲ ಆಡ್ತಾನೆ. ಕ್ರೂಸ್ ದಿನಾ ಆಡ್ತಾನೆ" ಅಂದಳು ಮಗಳು. ಕ್ರೂಸ್‌ನ ಬ್ಯಾಟಿಂಗ್ ಸರಾಸರಿ ಆ ವರ್ಷ .426, ಅಂದರೆ ಸಾವಿರ ಪ್ರಯತ್ನಕ್ಕೆ 426 ಹಿಟ್‌ನ ಲೆಕ್ಕ. .300 ಹೊಡೆದರೇ ಚೆನ್ನಾಗಿದೆ ಅನ್ನುವ ಆಟ ಇದು.

ಒಳ್ಳೆಯ ವಾದವೇ. ಆದರೆ ನಾನು ಪಂದ್ಯಗಳನ್ನು ಎಣಿಸುವುದಿಲ್ಲ, ಮುಖಾಮುಖಿಗಳನ್ನು ಎಣಿಸುತ್ತೇನೆ. ಸೀಸನ್ ಪೂರ್ತಿ ಆಡುವ ಬ್ಯಾಟರ್ ಸುಮಾರು 650 ಸಲ ಕ್ರೀಸಿಗೆ ಬರುತ್ತಾನೆ. ಮೂವತ್ತು ಚಿಲ್ಲರೆ ಪಂದ್ಯ ಎಸೆಯುವ ಪಿಚರ್ ಸುಮಾರು 700 ಬ್ಯಾಟರ್‌ಗಳನ್ನು ಎದುರಿಸುತ್ತಾನೆ. ಲೆಕ್ಕ ಸರಿಸಮ ಅಲ್ವಾ? "ಕ್ರೂಸ್ ಫೀಲ್ಡಿಂಗೂ ಮಾಡ್ತಾನಲ್ಲ" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಿಜವಾದ ಭಯ ಮೊಣಕೈಯದು. ಮೊದಲ ಪಿಕ್ ಆಗಿ ಬಂದ ಪಿಚರ್‌ಗಳ ಪಟ್ಟಿ ಬರೆದುಕೊಂಡೆ. 2009ರ ಸ್ಟ್ರಾಸ್‌ಬರ್ಗ್‌ಗೆ ಮರುವರ್ಷವೇ ಟಾಮಿ ಜಾನ್ ಸರ್ಜರಿ, ಅಂದರೆ ಮೊಣಕೈ ಲಿಗಮೆಂಟಿನ ಆಪರೇಷನ್. 2013ರ ಮಾರ್ಕ್ ಅಪೆಲ್ ಎಲ್ಲಕ್ಕಿಂತ ಮೇಲಿನ ಹಂತವಾದ ಮೇಜರ್ ಲೀಗ್ ಮೆಟ್ಟಿಲು ಹತ್ತಿದ್ದು 2022ರಲ್ಲಿ. 2014ರ ಬ್ರೇಡಿ ಏಕನ್ ಮೊಣಕೈ ತಕರಾರಿನಿಂದ ಸಹಿಯನ್ನೇ ಮಾಡಲಿಲ್ಲ. 2018ರ ಕೇಸಿ ಮೈಜ್‌ಗೂ ಸರ್ಜರಿ ಆಯಿತು. ಮಗಳು ಈ ಚೀಟಿಯನ್ನು ಫ್ರಿಜ್ ಮೇಲೆ ಅಂಟಿಸಿದಳು, ನನ್ನ ವಿರುದ್ಧವೇ! ಅದರಲ್ಲಿ ನನಗೆ ಬೇಕಾದ ಹೆಸರು ಒಂದಿತ್ತು. 2011ರಲ್ಲಿ ಪೈರೇಟ್ಸ್ ತಗೊಂಡ ಗೆರಿಟ್ ಕೋಲ್. ಐದು ಸೀಸನ್ ಇಲ್ಲಿ ಎಸೆದ, 2018ರ ಜನವರಿಯಲ್ಲಿ ಬೇರೆ ಆಟಗಾರರಿಗೆ ಬದಲಾಗಿ ಹ್ಯೂಸ್ಟನ್‌ಗೆ ಕೊಟ್ಟರು.

ನನ್ನ ವಾದದ ಜೀವ ಇಲ್ಲಿದೆ. ಹುಡುಗ ಮೇಜರ್ ಲೀಗ್‌ಗೆ ಬಂದ ಮೇಲೆ ತಂಡದ ಕೈಯಲ್ಲಿ ಇರುವುದು ಹೆಚ್ಚುಕಡಿಮೆ ಆರು ವರ್ಷ. ಆಮೇಲೆ ಅವನು ಸ್ವತಂತ್ರ. ಪಿಟ್ಸ್‌ಬರ್ಗ್‌ನಂಥ ಊರು ನ್ಯೂಯಾರ್ಕ್ ಕೊಡುವ ಸಂಬಳ ಕೊಡುವುದು ಕಷ್ಟ. ಹಾಗಾದರೆ ಹದಿನೈದು ವರ್ಷದ ಭವಿಷ್ಯ ಕಟ್ಟಿಕೊಂಡು ನಾವೇನು ಮಾಡೋಣ? ಬೇಗ ಬರುವವನು ಬೇಕು, ಬಂದ ದಿನದಿಂದಲೇ ಗೆಲ್ಲಿಸುವವನು ಬೇಕು. ಸ್ಕೀನ್ಸ್‌ಗೆ ಕೆಳಹಂತದ ಮೈನರ್ ಲೀಗ್‌ನಲ್ಲಿ ಕಲಿಯುವುದು ಜಾಸ್ತಿ ಉಳಿದಿಲ್ಲ ಅನ್ನುವುದು ಆಗ ನನ್ನ ಅಂದಾಜಾಗಿತ್ತು.

ಜುಲೈ 9ರಂದು ಸಿಯಾಟಲ್‌ನಲ್ಲಿ ಪೈರೇಟ್ಸ್ ಸ್ಕೀನ್ಸ್ ಹೆಸರು ಕೂಗಿತು. ಮುಂದಿನ ಸರದಿಯಲ್ಲೇ ವಾಷಿಂಗ್ಟನ್ ಕ್ರೂಸ್‌ನನ್ನು ತಗೊಂಡಿತು. ಒಂದೇ ಕಾಲೇಜಿನ ಇಬ್ಬರು ಮೊದಲೆರಡು ಪಿಕ್ ಆದದ್ದು ಅದೇ ಮೊದಲು. ಸ್ಕೀನ್ಸ್ 92 ಲಕ್ಷ ಡಾಲರ್‌ಗೆ ಸಹಿ ಮಾಡಿದ. ಸ್ಲಾಟ್ ಇದ್ದದ್ದು 97.21 ಲಕ್ಷ. ಡ್ರಾಫ್ಟ್‌ನಲ್ಲಿ ಅಲ್ಲಿಯವರೆಗಿನ ಅತಿ ದೊಡ್ಡ ಬೋನಸ್, ಆದರೂ ಸ್ವಲ್ಪ ಉಳಿಯಿತು ನೋಡಿ.

2024ರ ಮೇ 11ರಂದು ಅವನು ಮೇಜರ್ ಲೀಗ್‌ಗೆ ಬಂದ. ಆ ವರ್ಷದ ಅತ್ಯುತ್ತಮ ಹೊಸಬ, 2025ರಲ್ಲಿ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ. ವಾದ ಮುಗಿಯಿತು ಅಂದುಕೊಂಡೆ. ಮಗಳು ಬಿಡುತ್ತಾಳಾ? 2025ರಲ್ಲಿ ಒಂಬತ್ತು ಇನಿಂಗ್ಸ್‌ಗೆ ಸರಾಸರಿ 1.97 ರನ್ ಮಾತ್ರ ಕೊಟ್ಟರೂ ಅವನ ಲೆಕ್ಕ 10 ಗೆಲುವು, 10 ಸೋಲು. ತಂಡ 91 ಪಂದ್ಯ ಸೋತಿತು. "ಎರಡು ರನ್ನೂ ಕೊಡಲ್ಲ, ಆದ್ರೂ ಸೋಲ್ತೀವಿ. ಬೇಕಾಗಿದ್ದು ಬ್ಯಾಟರ್ ತಾನೇ ಅಪ್ಪಾ?" ಅನ್ನುತ್ತಾಳೆ. ಗಾಯವೂ ಆಗಿ ಕ್ರೂಸ್‌ನ ಸರಾಸರಿ ಆ ವರ್ಷ .208ಕ್ಕೆ ನಿಂತಿತಲ್ಲ ಅಂದರೆ, ಹಾಗಾದರೆ ನಾಲ್ಕನೇ ಪಿಕ್ ಆಗಿ ಟೆಕ್ಸಸ್‌ಗೆ ಹೋದ ವಯಟ್ ಲ್ಯಾಂಗ್‌ಫರ್ಡ್‌ನನ್ನು ತಗೋಬೇಕಿತ್ತು ಅನ್ನುತ್ತಾಳೆ. 2023ರಲ್ಲಿ ಆ ಹೆಸರನ್ನು ಅವಳು ಎತ್ತಿಯೇ ಇರಲಿಲ್ಲ.