ಮಕರವಿಳಕ್ಕಿನ ಬಗ್ಗೆ ಒಬ್ಬ ಸಂದೇಹವಾದಿಯೊಡನೆ ವಾದಿಸಿದ ನನ್ನ ಅನುಭವ

ಶಬರಿಮಲೆಗೆ ಮಾಲೆ ಹಾಕುವವರು ಫೇಸ್‌ಬುಕ್ಕಿನಲ್ಲಿ ಎಂದಾದರೊಮ್ಮೆ ಎದುರಿಸಲೇಬೇಕಾದ ಪ್ರಶ್ನೆಯೊಂದಿದೆ. ಸಂಕ್ರಾಂತಿಯ ಸಂಜೆ ಸನ್ನಿಧಾನದ ಎದುರಿನ ಪೊನ್ನಂಬಲಮೇಡು ಬೆಟ್ಟದಲ್ಲಿ ಕಾಣುವ ಮಕರವಿಳಕ್ಕು ಎಂಬ ಬೆಳಕನ್ನು ಮನುಷ್ಯರೇ ಹಚ್ಚುತ್ತಾರೆಂದು ಗೊತ್ತಿದ್ದೂ ಅದಕ್ಕೆ ಕೈಮುಗಿಯುವುದು ಹೇಗೆ ಎಂಬುದೇ ಆ ಪ್ರಶ್ನೆ. ವ್ರತದ ನಿಯಮಗಳನ್ನು ಕುರಿತು ನಾನು ಬರೆದಿದ್ದ ಟಿಪ್ಪಣಿಯೊಂದರ ಕೆಳಗೆ, ನನಗೆ ಯಾವ ಪರಿಚಯವೂ ಇಲ್ಲದವರೊಬ್ಬರು ಅದನ್ನು ಕೇಳಿದರು. ಬೈಗುಳವಿರಲಿಲ್ಲ, ಆದರೆ ಮೊನಚಿತ್ತು. ವ್ರತದಲ್ಲಿರುವಾಗ ಎಲ್ಲರನ್ನೂ, ಚಿಕ್ಕ ಮಕ್ಕಳನ್ನೂ, ‘ಸ್ವಾಮಿ’ ಎಂದೇ ಕರೆಯುವುದು ನಮ್ಮಲ್ಲಿ ರೂಢಿಯಾದ್ದರಿಂದ ನಾನು ಅವರನ್ನೂ ಹಾಗೆಯೇ ಕರೆದು ಉತ್ತರಿಸಿದೆ. “ನನ್ನನ್ನು ಸ್ವಾಮಿ ಎನ್ನಬೇಡಿ, ಸರ್ ಎಂದರೆ ಸಾಕು” ಎಂದು ಅವರು ಬರೆದರು. ಅಂದಿನಿಂದ ಕೊನೆಯವರೆಗೂ ಅವರನ್ನು ‘ಸರ್’ ಎಂದೇ ಕರೆದೆ. ನನ್ನ ನಂಬಿಕೆಯ ಸಂಬೋಧನೆಯನ್ನು ಅವರ ಮೇಲೆ ಹೇರಿ, ಆಮೇಲೆ ಅವರಿಂದ ಗೌರವವನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಮೊದಲು ಮಾಡಬೇಕಾಗಿ ಬಂದ ಕೆಲಸ ನಮ್ಮವರನ್ನು ಸುಮ್ಮನಾಗಿಸುವುದು. ಅರ್ಧ ಗಂಟೆಯೊಳಗೆ ನಮ್ಮ ಭಜನಾ ಮಂಡಳಿಯ ಕೆಲವರು ಅವರ ಜಾತಿ ಯಾವುದು, ಬೇರೆ ಧರ್ಮದವರನ್ನು ಹೀಗೆ ಕೇಳುವ ಧೈರ್ಯವಿದೆಯೇ ಎಂದೆಲ್ಲ ಬರೆಯತೊಡಗಿದ್ದರು. ಎರುಮೇಲಿಯಲ್ಲಿ ಅಯ್ಯಪ್ಪನ ಮುಸ್ಲಿಂ ಗೆಳೆಯ ವಾವರರ ಮಸೀದಿಗೆ ನಮಸ್ಕರಿಸಿ ಮುಂದೆ ಹೋಗುವ ನಮ್ಮ ಬಾಯಲ್ಲಿ ಅಂಥ ಮಾತು ಬರಬಾರದೆಂದು ಬರೆದು, ಯಾರದೇ ಆಗಲಿ ವೈಯಕ್ತಿಕ ನಿಂದನೆಯನ್ನು ಅಳಿಸುತ್ತೇನೆಂದು ತಿಳಿಸಿ, ಹಾಗೆಯೇ ಮಾಡಿದೆ. ಅಳಿಸಿದ್ದೆಲ್ಲ ನಮ್ಮ ಕಡೆಯವರದ್ದೇ ಆಗಿತ್ತು. ಇದರಿಂದ ಇಬ್ಬರು ಮುನಿಸಿಕೊಂಡರು, ಆದರೆ ಪ್ರಶ್ನೆ ಕೇಳಿದವರು ಎದುರಿಗೆ ಉಳಿದರು.

ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯಶಾಸ್ತ್ರದಲ್ಲಿ ಚರ್ಚೆಯನ್ನು ಮೂರು ಬಗೆಯಾಗಿ ಹೇಳುತ್ತಾರೆ. ಸತ್ಯವನ್ನು ತಿಳಿಯಲೆಂದು ಪ್ರಮಾಣ, ತರ್ಕಗಳಿಂದ ನಡೆಸುವುದು ವಾದ. ಗೆಲ್ಲಲೇಬೇಕೆಂದು ಮಾತಿನ ವಂಚನೆಯನ್ನೂ ಬಳಸಿ ನಡೆಸುವುದು ಜಲ್ಪ. ತನ್ನದೆಂಬ ಪಕ್ಷವನ್ನು ಸ್ಥಾಪಿಸದೆ ಎದುರಾಳಿಯದನ್ನು ಕೆಡವುವುದಷ್ಟೇ ಗುರಿಯಾದದ್ದು ವಿತಂಡ. ಸಾಮಾಜಿಕ ಜಾಲತಾಣದಲ್ಲಿ ನಡೆಯುವುದರಲ್ಲಿ ಹೆಚ್ಚಿನ ಪಾಲು ಎರಡನೆಯದು ಮತ್ತು ಮೂರನೆಯದು. ನಮ್ಮದು ಮೊದಲನೆಯದಾಗಲಿ ಎಂದು ನಾನು ಕೇಳಿಕೊಂಡೆ. ಅದಕ್ಕಾಗಿ ಹಳೆಯ ಶಾಸ್ತ್ರಕಾರರ ಕ್ರಮವನ್ನೇ ಹಿಡಿದು, ಉತ್ತರ ಕೊಡುವುದಕ್ಕೆ ಮುನ್ನ ಅವರ ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು, ನಾಲ್ಕು ವಾಕ್ಯಗಳಲ್ಲಿ ನಾನೇ ಬರೆದು, ಇದು ನಿಮ್ಮ ಮಾತೇ ಹೌದೇ ಎಂದು ಕೇಳಿದೆ. ಮೂರನ್ನು ಒಪ್ಪಿ ಒಂದನ್ನು ತಿದ್ದಿದರು: “ದೇವರಿಲ್ಲ ಎಂದು ನಾನು ಹೇಳುತ್ತಿಲ್ಲ. ಇದ್ದಾನೆ ಎನ್ನಲು ನಿಮ್ಮ ಬಳಿ ಇರುವ ಆಧಾರ ಸಾಲದು ಎನ್ನುತ್ತಿದ್ದೇನೆ.” ಈ ಒಂದು ತಿದ್ದುಪಡಿ ಬರದಿದ್ದರೆ, ಅವರು ಹೇಳದೇ ಇದ್ದ ಮಾತನ್ನು ಖಂಡಿಸುತ್ತ ನಾನು ದಿನಗಟ್ಟಲೆ ಬರೆಯುತ್ತಿದ್ದೆನೇನೋ. ನಾಸ್ತಿಕರೊಡನೆ ಮಾತಿಗಿಳಿಯುವ ಯಾರಿಗಾದರೂ ನಾನು ಹೇಳುವ ಮೊದಲ ಮಾತು ಇದೇ: ಅವರ ಪಕ್ಷವನ್ನು ಅವರೇ ಒಪ್ಪುವಂತೆ ಬರೆಯಲು ಬಾರದೆ ಉತ್ತರ ಕೊಡಲು ಹೋಗಬೇಡಿ.

ಇನ್ನು ಬೆಳಕಿನ ವಿಷಯ. ಇಲ್ಲಿ ನಾನು ಯಾವ ಮುಚ್ಚುಮರೆಯನ್ನೂ ಮಾಡಲಿಲ್ಲ. ನಾನು ಕನ್ನಿಸ್ವಾಮಿಯಾಗಿ ಮೊದಲ ಬಾರಿ ಇರುಮುಡಿ ಹೊತ್ತಾಗಲೇ ನಮ್ಮ ಗುರುಸ್ವಾಮಿಗಳು, “ಆಕಾಶದಲ್ಲಿ ಕಾಣುವ ನಕ್ಷತ್ರ ಬೇರೆ, ಬೆಟ್ಟದ ಮೇಲೆ ಕಾಣುವ ದೀಪ ಬೇರೆ. ದೀಪ ಹಚ್ಚುವವರು ಮನುಷ್ಯರೇ, ಅದು ದೀಪಾರಾಧನೆ” ಎಂದು ಸ್ಪಷ್ಟವಾಗಿ ಹೇಳಿದ್ದರು. ಸನ್ನಿಧಾನದ ಎದುರಿನ ಕಾಡಿನಲ್ಲಿರುವ ಪೊನ್ನಂಬಲಮೇಡಿನಲ್ಲಿ ಮೂರು ಬಾರಿ ಬೆಳಗಿ ಮರೆಯಾಗುವ ಆ ಬೆಳಕೇ ಮಕರವಿಳಕ್ಕು. ಹಿಂದೆ ಅದನ್ನು ಹಚ್ಚುತ್ತಿದ್ದವರು ತಮ್ಮ ಹಿರಿಯರೆಂದು ಆ ಬೆಟ್ಟಗಳ ಮಲೆ ಅರಯ ಸಮುದಾಯದವರು ಹೇಳುತ್ತಾರೆ. 2011ರಲ್ಲಿ ದೇವಸ್ಥಾನದ ಆಡಳಿತ ನಡೆಸುವ ತಿರುವಾಂಕೂರು ದೇವಸ್ವಂ ಮಂಡಳಿಯೇ ಕೇರಳ ಹೈಕೋರ್ಟಿನ ಮುಂದೆ ಇದು ಮನುಷ್ಯರು ಹಚ್ಚುವ ದೀಪವೆಂದು ಒಪ್ಪಿಕೊಂಡಿತು. ಇಷ್ಟನ್ನೂ ಅವರಿಗಿಂತ ಮೊದಲೇ ನಾನು ಬರೆದೆ. ದೇವಸ್ಥಾನದಲ್ಲಿ ಅರ್ಚಕರು ಎತ್ತುವ ಮಂಗಳಾರತಿಯೂ ಮನುಷ್ಯರು ಹಚ್ಚಿದ್ದೇ, ಅದಕ್ಕೆ ನಾವು ಕೈಮುಗಿಯುವುದು ಅದು ತಾನಾಗಿ ಹೊತ್ತಿಕೊಂಡಿತೆಂದಲ್ಲ ಎಂಬುದನ್ನೂ ಸೇರಿಸಿದೆ.

ಅವರು ಬಿಡಲಿಲ್ಲ. ದಶಕಗಳ ಕಾಲ ಲಕ್ಷಾಂತರ ಜನ ಅದನ್ನು ದೈವೀ ಪವಾಡವೆಂದೇ ನಂಬಿದ್ದರಲ್ಲ, ಒಂದು ಸುಳ್ಳಾದ ಮೇಲೆ ಉಳಿದದ್ದನ್ನು ಏಕೆ ನಂಬಬೇಕು ಎಂದು ಕೇಳಿದರು. ಇದು ಸರಿಯಾದ ಪ್ರಶ್ನೆ. ಇದಕ್ಕೆ ಉತ್ತರವನ್ನು ನಾನು ನಮ್ಮ ಪರಂಪರೆಯ ಒಳಗಿನಿಂದಲೇ ತೆಗೆದೆ. ಬೆಂಕಿ ತಣ್ಣಗಿದೆ, ಅದು ಬೆಳಗುವುದಿಲ್ಲ ಎಂದು ನೂರು ಶ್ರುತಿಗಳು, ಅಂದರೆ ವೇದವಾಕ್ಯಗಳು, ಹೇಳಿದರೂ ಆ ಮಾತು ಪ್ರಮಾಣವಾಗದು ಎಂದು ಶಂಕರಾಚಾರ್ಯರು ಗೀತಾಭಾಷ್ಯದ ಹದಿನೆಂಟನೆಯ ಅಧ್ಯಾಯದಲ್ಲಿ ಬರೆದಿದ್ದಾರೆ. ಕಣ್ಣಿಗೆ ಕಾಣುವ, ಪರೀಕ್ಷೆಗೆ ಸಿಗುವ ಸಂಗತಿಯಲ್ಲಿ ಪ್ರತ್ಯಕ್ಷವೇ ಹಿರಿದು. ಶಾಸ್ತ್ರದ ಅಧಿಕಾರವಿರುವುದು ಪ್ರತ್ಯಕ್ಷವೂ ಅನುಮಾನವೂ (ತರ್ಕದಿಂದ ಊಹಿಸಿ ತಿಳಿಯುವುದು) ತಲುಪದ ವಿಷಯದಲ್ಲಿ ಮಾತ್ರ. ಬೆಟ್ಟದ ಮೇಲಿನ ಬೆಳಕು ಮೊದಲನೆಯ ಗುಂಪಿಗೆ ಸೇರಿದ್ದು. ಅದನ್ನು ಪರೀಕ್ಷಿಸಿದವರ ಮೇಲೆ ಸಿಟ್ಟಾಗುವ ಹಕ್ಕು ಭಕ್ತನಿಗಿಲ್ಲ.

ಇದೇ ಕಾರಣಕ್ಕೆ, ನಮ್ಮ ಪರವಾಗಿ ಬಂದ ಕೆಲವು ‘ಸಾಕ್ಷ್ಯ’ಗಳನ್ನು ನಾನೇ ತಳ್ಳಿಹಾಕಿದೆ. ಸೂರ್ಯನಿಂದ ಓಂಕಾರ ಹೊರಡುವುದನ್ನು ನಾಸಾ ದಾಖಲಿಸಿದೆ ಎಂಬ ವಾಟ್ಸಾಪ್ ಸಂದೇಶವನ್ನು ಒಬ್ಬರು ಹಾಕಿದರು. ಅದು ಸುಳ್ಳೆಂದು ಬರೆದೆ. ಮತ್ತೊಬ್ಬರು 1995ರ ಸೆಪ್ಟೆಂಬರ್ 21ರಂದು ಗಣಪತಿಯ ವಿಗ್ರಹಗಳು ಹಾಲು ಕುಡಿದದ್ದನ್ನು ನೆನಪಿಸಿದರು. ಚಮಚದ ಅಂಚಿಗೆ ತಾಗಿದ ಕಲ್ಲು ಹಾಲನ್ನು ಸೆಳೆದುಕೊಂಡು, ಅದು ತೆಳುವಾದ ಪದರವಾಗಿ ಮೈಮೇಲಿಂದ ಇಳಿದು ಹೋಗುತ್ತದೆಂಬುದನ್ನು ಅಂದೇ ಬಣ್ಣ ಬೆರೆಸಿದ ಹಾಲಿನಿಂದ ವಿಜ್ಞಾನಿಗಳು ತೋರಿಸಿದ್ದರು. ಇಂಥವುಗಳನ್ನು ಆಧಾರವಾಗಿ ಹಿಡಿದರೆ ನಂಬಿಕೆಯ ಆಯುಸ್ಸು ಮುಂದಿನ ಪ್ರಯೋಗದವರೆಗೆ ಮಾತ್ರ.

ಇಲ್ಲಿ ಅವರು ಡಾ. ಎಚ್. ನರಸಿಂಹಯ್ಯನವರ ಹೆಸರನ್ನು ತಂದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದ ಆ ಗಾಂಧಿವಾದಿಯ ಬಗ್ಗೆ ನನಗೂ ದೊಡ್ಡ ಗೌರವವಿದೆ. ಪ್ರಶ್ನಿಸದೆ ಏನನ್ನೂ ಒಪ್ಪಬಾರದೆಂಬ ಅವರ ನಿಲುವು ಭಕ್ತರಿಗೂ ಬೇಕಾದದ್ದೇ. ಆದರೆ ಆ ಸಮಿತಿ ಕೈಹಾಕಲು ಹೊರಟದ್ದು ಪವಾಡಗಳಿಗೆ ಮತ್ತು ಪರೀಕ್ಷಿಸಿ ನೋಡಬಹುದಾದ ಮೂಢನಂಬಿಕೆಗಳಿಗೆ. ಆ ಎಲ್ಲೆಯೊಳಗೆ ನಾವಿಬ್ಬರೂ ಒಂದೇ ಕಡೆ ಇದ್ದೇವೆ, ಜಗಳವಿರುವುದು ಅದರಾಚೆ ಎಂದು ನಾನು ಬರೆದಾಗ ಅವರು ಒಪ್ಪಿದರು.

ಎಲ್ಲೆಯಾಚೆಗಿನ ಮಾತು ನಿಜಕ್ಕೂ ಸ್ವಾರಸ್ಯವಾಗಿತ್ತು. ತಾವು ಕಣ್ಣಾರೆ ಕಂಡದ್ದನ್ನು ಮಾತ್ರ ಒಪ್ಪುವವರೆಂದು ಅವರು ಹೇಳಿದರು. ಹಾಗಾದರೆ ಪೊನ್ನಂಬಲಮೇಡಿನಲ್ಲಿ ದೀಪ ಹಚ್ಚುವುದನ್ನು ತಾವು ಕಂಡಿದ್ದೀರಾ ಎಂದು ಕೇಳಿದೆ. ಇಲ್ಲ, ದೇವಸ್ವಂ ಮಂಡಳಿ ಕೋರ್ಟಿನಲ್ಲಿ ಹೇಳಿದ್ದನ್ನು ಪತ್ರಿಕೆಯಲ್ಲಿ ಓದಿದ್ದೇನೆ ಎಂದರು. ಅಂದರೆ ನಂಬಲರ್ಹರ ಮಾತೇ ಆಧಾರವೆನ್ನುವ ಆಪ್ತವಾಕ್ಯವನ್ನು, ಶಬ್ದಪ್ರಮಾಣವನ್ನು ನೀವೂ ಒಪ್ಪುತ್ತೀರಿ ಎಂದೆ. ಅವರು ಒಂದು ದಿನ ಬಿಟ್ಟು ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿತು: “ಮಂಡಳಿಯ ಮಾತನ್ನು ನಾನು ನಂಬಿದ್ದು ಅದು ದೊಡ್ಡವರ ಮಾತೆಂದಲ್ಲ. ತನ್ನ ಲಾಭಕ್ಕೆ ವಿರುದ್ಧವಾದದ್ದನ್ನು ತಾನೇ ಹೇಳಿತೆಂದು ನಂಬಿದೆ. ಬೇಕಾದರೆ ಬೆಟ್ಟ ಹತ್ತಿ ನೋಡಿಯೂ ಬರಬಹುದು.” ಹಾಗಿದ್ದಲ್ಲಿ, ಲಾಭವನ್ನೆಲ್ಲ ಬಿಟ್ಟು ಬದುಕಿದ ಸಂತರು ತಮ್ಮ ಅನುಭವವೆಂದು ಹೇಳಿದ ಮಾತಿಗೂ ಅಷ್ಟು ತೂಕ ಕೊಡಬೇಕಲ್ಲವೇ ಎಂದು ನಾನು ಕೇಳಿದೆ. ಪ್ರಾಮಾಣಿಕರು ಹೇಳಿದ್ದೆಲ್ಲ ನಿಜವಾಗಬೇಕೆಂದಿಲ್ಲ, ಆ ಅನುಭವಕ್ಕೆ ಬೆಟ್ಟ ಹತ್ತಿ ನೋಡುವ ದಾರಿ ಯಾವುದು ಎಂದರು. ದಾರಿಯಿದೆ, ಅದನ್ನೇ ಸಾಧನೆ ಎನ್ನುವುದು, ಆದರೆ ಹತ್ತಿದವನು ಕಂಡದ್ದನ್ನು ಕೆಳಗಿರುವವನಿಗೆ ತೋರಿಸಲಾರ ಎಂದು ಬರೆದೆ. ಇದು ಅವರಿಗೆ ಸಾಲಲಿಲ್ಲ, ಸಾಲಬೇಕೆಂದು ನಾನು ಒತ್ತಾಯಿಸಲೂ ಇಲ್ಲ.

ವ್ರತದಿಂದ ಆಗುವ ಒಳಿತನ್ನು ದೇವರ ಇರವಿಗೆ ಸಾಕ್ಷ್ಯವಾಗಿ ನಾನು ಎಂದೂ ಮುಂದಿಡುವುದಿಲ್ಲ. ನಲವತ್ತೊಂದು ದಿನ ಮದ್ಯ ಮಾಂಸ ಬಿಟ್ಟು, ತಣ್ಣೀರು ಸ್ನಾನ ಮಾಡಿ, ನೆಲದ ಮೇಲೆ ಮಲಗಿ, ಎದುರು ಬಂದವರಲ್ಲೆಲ್ಲ ಅಯ್ಯಪ್ಪನನ್ನು ಕಂಡವನ ಬದುಕು ಹಸನಾಗುತ್ತದೆ. ಕುಡಿತ ಬಿಟ್ಟವರನ್ನು ನಾನೇ ಕಂಡಿದ್ದೇನೆ. ದೇವರನ್ನು ನಂಬದೆ ಅದೇ ನಿಯಮ ಪಾಲಿಸಿದವನಿಗೂ ಅಷ್ಟೇ ಒಳಿತಾಗಬಹುದೆಂದು ಅವರು ಹೇಳಿದರೆ ನನ್ನ ಬಳಿ ಉತ್ತರವಿಲ್ಲ. ಮಡಕೆಗೆ ಕುಂಬಾರನಿರುವಂತೆ ಜಗತ್ತಿಗೂ ಕರ್ತೃವಿರಬೇಕು ಎಂಬ, ನ್ಯಾಯಶಾಸ್ತ್ರದ ಉದಯನಾಚಾರ್ಯರ ವಾದವನ್ನು ಮುಂದಿಟ್ಟೆ. ಕುಂಬಾರನಿಗೆ ಮೈಯಿದೆ, ನಿಮ್ಮ ಈಶ್ವರನಿಗೆ ಇದೆಯೇ ಎಂದು ಕೂಡಲೇ ಕೇಳಿದರು. ಈ ಆಕ್ಷೇಪ ಬಹಳ ಹಳೆಯದು, ಬೌದ್ಧರಷ್ಟೇ ಅಲ್ಲ, ವೇದವನ್ನು ಪೂರ್ತಿ ಒಪ್ಪಿದ ಮೀಮಾಂಸಕ ಕುಮಾರಿಲ ಭಟ್ಟರೂ ಸೃಷ್ಟಿಕರ್ತನನ್ನು ಒಪ್ಪಲಿಲ್ಲ ಎಂಬುದನ್ನು ನಾನೇ ತಿಳಿಸಿದೆ. ಎದುರಾಳಿಗೆ ಅನುಕೂಲವಾಗುವ ಸಂಗತಿ ನಮಗೆ ಗೊತ್ತಿದ್ದರೆ ಹೇಳಿಬಿಡಬೇಕು. ವಾದವೆಂದರೆ ಅದೇ ತಾನೇ.

ಮಹಿಳೆಯರ ಪ್ರವೇಶದ ಪ್ರಶ್ನೆಯೂ ಬಂತು. ಎಲ್ಲ ವಯಸ್ಸಿನ ಮಹಿಳೆಯರಿಗೂ ಪ್ರವೇಶವಿರಬೇಕೆಂದ 2018ರ ಸೆಪ್ಟೆಂಬರ್ 28ರ ಸುಪ್ರೀಂ ಕೋರ್ಟ್ ತೀರ್ಪು, ಆ ಪೀಠದಲ್ಲೇ ಇದ್ದ ಭಿನ್ನಮತ, ಮರುವರ್ಷ ಪ್ರಶ್ನೆಗಳು ವಿಸ್ತೃತ ಪೀಠಕ್ಕೆ ಹೋದದ್ದು ಇವೆಲ್ಲ ಹಕ್ಕಿನ ಮತ್ತು ಆಚಾರದ ಚರ್ಚೆಗೆ ಸೇರಿದವು. ದೇವರಿದ್ದಾನೆಯೇ ಎಂಬುದನ್ನು ಅವು ತೀರ್ಮಾನಿಸುವುದಿಲ್ಲ. ಎರಡನ್ನೂ ಬೆರೆಸಬಾರದೆಂದು ಹೇಳಿ ಅದನ್ನು ಬೇರೆಯಾಗಿ ಇಟ್ಟೆವು.

ಎಲ್ಲಕ್ಕಿಂತ ಕಠಿಣವಾದದ್ದು ಪುಲ್ಲುಮೇಡಿನ ಪ್ರಶ್ನೆ. 2011ರ ಜನವರಿ 14ರ ರಾತ್ರಿ, ಇಡುಕ್ಕಿ ಜಿಲ್ಲೆಯ ಆ ಹುಲ್ಲುಗಾವಲಿನಿಂದ ಮಕರವಿಳಕ್ಕನ್ನು ನೋಡಿ ಮರಳುತ್ತಿದ್ದವರ ನಡುವೆ ಕಾಲ್ತುಳಿತವಾಗಿ ನೂರಕ್ಕೂ ಹೆಚ್ಚು ಜನ ಸತ್ತರು. ನಮ್ಮ ಕರ್ನಾಟಕದವರೂ ಅವರಲ್ಲಿದ್ದರು. 1999ರ ಸಂಕ್ರಾಂತಿಯಂದೂ ಪಂಪೆಯ ಬಳಿ ಐವತ್ತಕ್ಕೂ ಹೆಚ್ಚು ಭಕ್ತರು ಪ್ರಾಣ ಕಳೆದುಕೊಂಡಿದ್ದರು. “ಅವರು ಶರಣು ಕೂಗುತ್ತ ಬಂದದ್ದು ಯಾರಿಗಾಗಿ? ಅವನು ಏಕೆ ಕಾಯಲಿಲ್ಲ?” ಎಂದು ಅವರು ಕೇಳಿದರು. ನಾನು ಬರೆಯುವ ಮೊದಲೇ ನಮ್ಮವರೊಬ್ಬರು ‘ಅದು ಸತ್ತವರ ಕರ್ಮ’ ಎಂದು ಹಾಕಿದರು. ಅದರಲ್ಲಿ ಯಾರ ನಿಂದನೆಯೂ ಇರಲಿಲ್ಲ, ಆದರೂ ಅಳಿಸಿ, ಅಳಿಸಿದ ಕಾರಣವನ್ನು ಅವರಿಗೆ ಫೋನಿನಲ್ಲಿ ಹೇಳಿದೆ. ಈಶ್ವರನು ಪಕ್ಷಪಾತಿಯೂ ಅಲ್ಲ, ಕ್ರೂರಿಯೂ ಅಲ್ಲ, ಜೀವರ ಕರ್ಮವನ್ನು ಅನುಸರಿಸಿ ಸೃಷ್ಟಿಸುತ್ತಾನೆ ಎಂದು ಬ್ರಹ್ಮಸೂತ್ರ ಹೇಳುತ್ತದೆಂಬುದು ನನಗೆ ಗೊತ್ತು, ಅದನ್ನು ನಾನು ನಂಬುತ್ತೇನೆ. ಆದರೆ ಅದು ಇಡೀ ಸೃಷ್ಟಿಯ ವ್ಯವಸ್ಥೆಯ ಬಗ್ಗೆ ಹೇಳಿದ ಮಾತು. ಇಂಥ ತಾಯಿಯ ಇಂಥ ಮಗ ತುಳಿತಕ್ಕೆ ಸಿಕ್ಕಿದ್ದು ಇಂಥ ಪಾಪದಿಂದ ಎಂದು ಹೇಳುವ ಅಧಿಕಾರ ಅದರಿಂದ ಯಾರಿಗೂ ಬರುವುದಿಲ್ಲ. ಆ ರಾತ್ರಿಯ ಸಾವಿಗೆ ನಮ್ಮ ಕಣ್ಣಿಗೆ ಕಾಣುವ ಕಾರಣಗಳಿವೆ: ಕತ್ತಲೆ, ಇಕ್ಕಟ್ಟಾದ ದಾರಿ, ಒಂದೇ ಹೊತ್ತಿಗೆ ಇಳಿಯಲು ನುಗ್ಗಿದ ಜನಸ್ತೋಮ. ದೇವರು ಏಕೆ ತಡೆಯಲಿಲ್ಲವೆಂಬುದಕ್ಕೆ ನಿಮಗೆ ಒಪ್ಪಿಗೆಯಾಗುವ ಉತ್ತರ ನನ್ನಲ್ಲಿಲ್ಲ, ನನ್ನ ಪ್ರಾರ್ಥನೆಯಲ್ಲಿಯೂ ಆ ಪ್ರಶ್ನೆ ಇದೆ ಎಂದಷ್ಟೇ ಬರೆದೆ.

ಅದಕ್ಕೆ ಅವರು ವಾದವನ್ನು ಮುಂದುವರಿಸಲಿಲ್ಲ. ಬದಲಾಗಿ, ಬೆಳಕು ಪವಾಡವಲ್ಲವೆಂದು ಎಲ್ಲರಿಗೂ ಮೊದಲೇ ಹೇಳಿದ್ದರೆ ಅಷ್ಟು ಜನ ಅದೊಂದು ಗಳಿಗೆಗಾಗಿ ಆ ಬೆಟ್ಟದ ಮೇಲೆ ಸೇರುತ್ತಿದ್ದರೇ ಎಂದು ಕೇಳಿದರು. ಸೇರುವವರ ಸಂಖ್ಯೆ ಕಡಿಮೆಯಾಗುತ್ತಿತ್ತೆಂದು ನನಗೂ ಅನಿಸುತ್ತದೆ. ದೀಪಾರಾಧನೆಯೆಂದು ತಿಳಿದವನು ಸನ್ನಿಧಾನದಲ್ಲಿ ಯಾವ ದಿನ ದರ್ಶನವಾದರೂ ತೃಪ್ತನಾಗುತ್ತಾನೆ. ಆಕಾಶದಿಂದ ದೇವರೇ ಇಳಿಯುತ್ತಾನೆಂದು ತಿಳಿದವನು ಜೀವವನ್ನು ಪಣಕ್ಕಿಟ್ಟು ಆ ಸಂಜೆಯೇ ಬೇಕೆನ್ನುತ್ತಾನೆ. ಈ ಮಾತನ್ನು ನಾನು ಒಪ್ಪಿದ್ದು ನಮ್ಮ ಭಜನಾ ಮಂಡಳಿಯ ಹಿರಿಯರಿಗೆ ಹಿಡಿಸಲಿಲ್ಲ. ಆದರೂ ಈಗ ಕಾರ್ತಿಕ ಮಾಸದಲ್ಲಿ ಮಾಲೆ ಹಾಕುವ ಕನ್ನಿಸ್ವಾಮಿಗಳಿಗಾಗಿ ನಾನು ಬರೆಯುವ ಟಿಪ್ಪಣಿಯಲ್ಲಿ ಆಹಾರ, ಸ್ನಾನ, ಶರಣುಘೋಷಗಳ ಜೊತೆಗೆ ಮಕರವಿಳಕ್ಕು ಎಂದರೇನು, ಅದನ್ನು ಹಚ್ಚುವವರು ಯಾರು, ಮಕ್ಕಳು ಮತ್ತು ವಯಸ್ಸಾದವರು ಆ ದಿನದ ಗುಂಪಿನಿಂದ ಏಕೆ ದೂರವಿರಬೇಕು ಎಂಬುದೂ ಇರುತ್ತದೆ. ಅದನ್ನು ಆ ಸಂದೇಹವಾದಿಯೂ ತಮ್ಮ ಗೋಡೆಯ ಮೇಲೆ ಹಂಚಿಕೊಂಡರು. ಮೇಲೆ ಒಂದು ಸಾಲು ಬರೆದಿದ್ದರು: “ಇದನ್ನು ಬರೆದವರ ದೇವರನ್ನು ನಾನು ಒಪ್ಪುವುದಿಲ್ಲ, ಹೋಗುವವರು ಮಾತ್ರ ಇದನ್ನು ಓದಿಯೇ ಹೋಗಿ.” ಅದರ ಕೆಳಗೆ ನಾನು ಶಬ್ದಪ್ರಮಾಣದ ಬಗ್ಗೆ ಉಳಿದಿದ್ದ ಒಂದು ಪ್ರಶ್ನೆಯನ್ನು ಕೇಳಿದ್ದೇನೆ.