ಬಾಗಲಕೋಟೆಯಲ್ಲಿದ್ದುಕೊಂಡು ಕಲಾಚಿಕಿತ್ಸಕರಾಗುವುದು ಹೇಗೆ?

ಚಿತ್ರಕಲಾ ಪದವಿ ಮುಗಿಸಿದವರೂ ಮನಶ್ಶಾಸ್ತ್ರ ಓದುತ್ತಿರುವವರೂ ‘ಕಲಾಚಿಕಿತ್ಸೆಯಲ್ಲಿ ಕೆಲಸ ಸಿಗುತ್ತದೆಯೇ’ ಎಂದು ನನ್ನನ್ನು ಆಗಾಗ ಕೇಳುತ್ತಾರೆ. ಚಿತ್ರ, ಹೊಲಿಗೆ, ಹಾಡಿನಂಥ ಕಲೆಯ ಮೂಲಕ ಮನಸ್ಸಿನ ನೋವಿಗೆ ನೆರವಾಗುವ ಕೆಲಸವೇ ಕಲಾಚಿಕಿತ್ಸೆ. ಸಿದ್ಧ ಹುದ್ದೆಯನ್ನು ಹುಡುಕುತ್ತ ಕೂತರೆ ನಮ್ಮ ಭಾಗದಲ್ಲಿ ನಿರಾಸೆಯೇ ಹೆಚ್ಚು. ಇಲ್ಲಿ ಹುದ್ದೆಯನ್ನು ನಾವೇ ಕಟ್ಟಿಕೊಳ್ಳಬೇಕು, ಮತ್ತು ಕಟ್ಟುವ ಕ್ರಮ ತಪ್ಪಿದರೆ ಹಿಂದೆ ಬರುವವರ ದಾರಿಯೂ ಕೆಡುತ್ತದೆ.

ಮೊದಲು ಹೆಸರಿನ ವಿಚಾರ. ಬ್ರಿಟನ್ನಿನ ಕಲಾವಿದ ಏಡ್ರಿಯನ್ ಹಿಲ್ 1942ರಲ್ಲಿ ‘ಆರ್ಟ್ ಥೆರಪಿ’ ಎಂಬ ಮಾತನ್ನು ಬಳಕೆಗೆ ತಂದರು. ಅಲ್ಲಿನ ಚಿಕಿತ್ಸಕರ ಸಂಘ ಹುಟ್ಟಿದ್ದು 1964ರಲ್ಲಿ, ವೃತ್ತಿಗೆ ಸರ್ಕಾರಿ ನೋಂದಣಿಯ ಮಾನ್ಯತೆ ಸಿಕ್ಕಿದ್ದು 1997ರಲ್ಲಿ. ಇಂದು ಅಲ್ಲಿ ನೋಂದಣಿಯಿಲ್ಲದವರು ಈ ಹೆಸರನ್ನು ಹಾಕಿಕೊಳ್ಳುವಂತಿಲ್ಲ. ನಮ್ಮಲ್ಲಿ 2021ರ ರಾಷ್ಟ್ರೀಯ ಸಹವರ್ತಿ ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆಯ ಅನುಸೂಚಿಯಲ್ಲಿ ಕಲೆ, ನೃತ್ಯ ಮತ್ತು ಚಲನೆಯ ಚಿಕಿತ್ಸಕರ ಹೆಸರು ಸೇರಿದೆ. ಆದ್ದರಿಂದ ಎರಡು ದಿನದ ಕಾರ್ಯಾಗಾರದ ಪ್ರಮಾಣಪತ್ರ ಹಿಡಿದು ಬಾಗಿಲಿಗೆ ‘ಚಿಕಿತ್ಸಕ’ ಎಂಬ ಫಲಕ ತೂಗುಹಾಕಬೇಡಿ. ಅಂಥ ಕಾರ್ಯಾಗಾರ ಶಾಲಾ ಶಿಕ್ಷಕರಿಗೆ ಉಪಯುಕ್ತ, ಅಷ್ಟೇ.

ತರಬೇತಿ ಆರಿಸಿಕೊಳ್ಳುವಾಗ ಶುಲ್ಕಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಹಿರಿಯ ಚಿಕಿತ್ಸಕರ ಮೇಲ್ವಿಚಾರಣೆಯಲ್ಲಿ ಎಷ್ಟು ಗಂಟೆ ಕೆಲಸ ಮಾಡಿಸುತ್ತೀರಿ? ಉತ್ತರ ತೇಲಿದರೆ ಬೇರೆಡೆ ನೋಡಿ. ತರಬೇತಿ ಮುಗಿದ ಮೇಲೂ ಈ ಮೇಲ್ವಿಚಾರಣೆ ಬಿಡುವಂತಿಲ್ಲ, ಫೋನಿನಲ್ಲಾದರೂ ಮುಂದುವರಿಯಬೇಕು.

ಸಾಮಗ್ರಿಯನ್ನು ಮಾತ್ರ ಊರಿನಿಂದಲೇ ಆರಿಸಿಕೊಳ್ಳಿ. ಒಂದು ಆರೈಕೆ ಕೇಂದ್ರದಲ್ಲಿ ನಾನು ಬಣ್ಣ, ಬ್ರಷ್ ಮುಂದಿಟ್ಟಾಗ ಹಿರಿಯ ಹೆಣ್ಣುಮಕ್ಕಳು ‘ನಮಗ ಬರಂಗಿಲ್ರಿ’ ಎಂದು ಕೈ ಹಿಂದೆಳೆದುಕೊಂಡರು. ಮುಂದಿನ ವಾರ ಹಳೆಯ ಇಳಕಲ್ ಸೀರೆಯ ತುಂಡುಗಳನ್ನೂ ಧೋತರದ ಅಂಚುಗಳನ್ನೂ ಸೂಜಿ ದಾರದೊಂದಿಗೆ ಹರಡಿದೆ. ಕೌದಿ ಹೊಲಿಯಲು ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ಒಬ್ಬರು ಮಾತ್ರ ಒಂದು ತುಂಡನ್ನು ಮೂರು ವಾರ ಮಡಚಿ ತೊಡೆಯ ಕೆಳಗೇ ಇಟ್ಟುಕೊಂಡಿದ್ದು, ನಾಲ್ಕನೆಯ ವಾರ ಅದನ್ನು ಮೂಲೆಗೆ ಹಚ್ಚಿದರು. ಯಾರ ಬಟ್ಟೆ ಎಂದು ನಾನು ಕೇಳಲಿಲ್ಲ. ಐದನೆಯ ವಾರ ಅವರೇ ಹೇಳಿದರು. ಅವರ ಒಪ್ಪಿಗೆಯಿಂದ ಇಷ್ಟು ಬರೆದಿದ್ದೇನೆ, ಹೇಳಿದ್ದು ಏನೆಂಬುದು ಇಲ್ಲಿ ಬರೆಯುವಂಥದ್ದಲ್ಲ. ಹೊಲಿಗೆಯ ಅಂದಚಂದದ ಮೇಲೆ ಕಣ್ಣಿಟ್ಟರೆ ಅದು ಹೊಲಿಗೆ ತರಗತಿ. ಕೈ ಎಲ್ಲಿ ತಡೆಯಿತು, ಎಲ್ಲಿ ಹರಿಯಿತು ಎಂಬುದನ್ನು ಗಮನಿಸುತ್ತ, ಅವಸರಪಡಿಸದೆ ಜೊತೆಗಿದ್ದಾಗಲೇ ಅದು ಚಿಕಿತ್ಸೆಯತ್ತ ಸಾಗುತ್ತದೆ. ರಂಗದಲ್ಲಿ ಪಳಗಿದವರು ನಮ್ಮ ಭಾಗದ ಜನಪದ ನಾಟಕ ಶ್ರೀಕೃಷ್ಣ ಪಾರಿಜಾತದ ಹಾಡು, ಮಾತು, ಹಾಸ್ಯವನ್ನು ಇದೇ ಎಚ್ಚರದಿಂದ ಬಳಸಬಹುದು.

ಕೆಲಸ ಕೇಳಲು ಹೋಗುವಾಗ ‘ಕಲೆಯಿಂದ ಎಲ್ಲ ಗುಣವಾಗುತ್ತದೆ’ ಎನ್ನಬೇಡಿ. ಮನೋವೈದ್ಯರಿಗೆ ಎಂಟು ವಾರದ, ಆರೇಳು ಜನರ ಗುಂಪಿನ ಯೋಜನೆ ಕೊಟ್ಟು, ಯಾರನ್ನು ಸೇರಿಸಬೇಕೆಂಬುದನ್ನು ಅವರೊಡನೆ ನಿರ್ಧರಿಸಿ, ಕೊನೆಗೆ ಪ್ರತಿಯೊಬ್ಬರ ಬಗ್ಗೆ ಒಂದೇ ಪುಟದ ವರದಿ ಒಪ್ಪಿಸಿ. ಔಷಧ ನಿಲ್ಲಿಸಲು ಎಂದೂ ಹೇಳಬಾರದು. ಸಾಯುವ ಮಾತು ಬಂದರೆ ವೈದ್ಯರಿಗೆ ತಕ್ಷಣ ತಿಳಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇವುಗಳ ಮಾಹಿತಿ ಕೈಯಲ್ಲಿರಲಿ.

ಒಮ್ಮೆ ಒಂದು ಸಂಸ್ಥೆಯವರು ನನ್ನನ್ನು ‘ಡ್ರಾಯಿಂಗ್ ಮೇಡಂ’ ಎಂದು ಅತಿಥಿಗಳಿಗೆ ಪರಿಚಯಿಸಿದ್ದಲ್ಲದೆ, ಮಕ್ಕಳ ಚಿತ್ರಗಳನ್ನು ಹೆಸರಿನ ಸಮೇತ ಗೋಡೆಗೆ ಅಂಟಿಸಿಬಿಟ್ಟಿದ್ದರು. ಮೇಡಂ ಎಂದಿದ್ದಕ್ಕೆ ನನಗೆ ಬೇಸರವಿರಲಿಲ್ಲ, ಗೋಡೆಯ ಬಗ್ಗೆ ಈಗಲೂ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23 ಮತ್ತು 24ನೇ ಕಲಮುಗಳು ಗೋಪ್ಯತೆಯನ್ನು ಹಕ್ಕೆಂದೇ ಹೇಳುತ್ತವೆ. ಅಂದಿನಿಂದ ಒಪ್ಪಂದದ ಮೊದಲ ಸಾಲಿನಲ್ಲೇ ಪ್ರದರ್ಶನವಿಲ್ಲ, ವಾಟ್ಸಾಪ್ ಸ್ಟೇಟಸ್ ಇಲ್ಲ ಎಂದು ಬರೆಸುತ್ತೇನೆ. ಚಿತ್ರಗಳು ಬೀಗ ಹಾಕಿದ ಟ್ರಂಕಿನಲ್ಲಿರುತ್ತವೆ, ಮತ್ತು ಕೊನೆಯ ವಾರ ಬರೆದವರ ಕೈಗೇ ಮರಳುತ್ತವೆ.