ವಸಾಯಿ ಕೋಟೆಗೆ ಲೋಕಲಿನಲ್ಲಿ ಒಂದು ದಿನ

ಮುಂಬೈಯ ಉತ್ತರಕ್ಕಿರುವ ವಸಾಯಿ ಕೋಟೆಗೆ ಲೋಕಲ್ ರೈಲಿನಲ್ಲಿ ಹೋಗುವುದಾದರೆ ನವೆಂಬರಿನಿಂದ ಫೆಬ್ರವರಿಯೊಳಗೆ, ಅದೂ ವಾರದ ನಡುವಿನ ದಿನ ಹೋಗಿ. ಬೆಳಿಗ್ಗೆ ಜನವೆಲ್ಲ ದಕ್ಷಿಣ ತುದಿಯ ಚರ್ಚ್‌ಗೇಟ್ ಕಡೆಗೆ ಧಾವಿಸುವಾಗ ನೀವು ಉತ್ತರದ ವಿರಾರ್ ಕಡೆಗೆ ಹೊರಟಿರುತ್ತೀರಿ, ಕೂರಲು ಜಾಗ ಸಿಗುತ್ತದೆ. ಸಂಜೆ ಮರಳುವಾಗಲೂ ನೂಕುನುಗ್ಗಲು ಎದುರು ದಿಕ್ಕಿನದು. ರವಿವಾರ ಜಂಬೋ ಬ್ಲಾಕ್ (ಹಳಿ ದುರಸ್ತಿಗೆಂದು ಕೆಲವು ತಾಸು ಸಂಚಾರ ತಡೆಯುವುದು) ಇದ್ದರೆ ಕೆಲವು ಗಾಡಿ ರದ್ದಾಗುತ್ತವೆ, ಕೆಲವೇ ನಿಲ್ದಾಣಗಳಲ್ಲಿ ನಿಲ್ಲುವ ಫಾಸ್ಟ್‌ಗಳು ಸ್ಲೋ ಹಳಿಗೆ ಬರುತ್ತವೆ. ಶನಿವಾರವೇ ಪ್ರಕಟಣೆ ನೋಡಿಕೊಳ್ಳಿ.

ಇಂಡಿಕೇಟರಿನಲ್ಲಿ ವಿರಾರ್ ಅಥವಾ ಡಹಾಣು ರೋಡ್ ಎಂದಿದ್ದರೆ ಮಾತ್ರ ಹತ್ತಿ. ಬೊರಿವಲಿ, ಭಾಯಂದರ್ ಗಾಡಿಗಳು ವಸಾಯಿ ಮುಟ್ಟುವುದಿಲ್ಲ. ಚರ್ಚ್‌ಗೇಟಿನಿಂದ ಫಾಸ್ಟ್ ಹಿಡಿದರೆ ಒಂದು ತಾಸಿನ ಆಸುಪಾಸು. ಏಸಿ ಲೋಕಲಿಗೆ ಟಿಕೆಟು ಬೇರೆ. ಸಾದಾ ಟಿಕೆಟಿನಲ್ಲಿ ಹತ್ತಿದರೆ ದಂಡ ಬೀಳುತ್ತದೆ. ಮಧ್ಯ ರೈಲ್ವೆಯ ಡೊಂಬಿವಲಿ ಕಡೆಯವರಿಗೆ ದಾದರಿನ ಸುತ್ತು ತಪ್ಪಿಸಲು ದಿವಾ–ವಸಾಯಿ ಗಾಡಿಯಿದೆ. ಆದರೆ ದಿನಕ್ಕಿರುವುದು ಬೆರಳೆಣಿಕೆಯಷ್ಟು, ವೇಳೆ ಗೊತ್ತಿಲ್ಲದೆ ಹೋದರೆ ಅರ್ಧ ದಿನ ಪ್ಲಾಟ್‌ಫಾರಮಿನಲ್ಲೇ ಕಳೆದೀತು. ಭಾಯಂದರ್ ದಾಟಿದ ಮೇಲೆ ಖಾಡಿಯ (ಕಡಲ ಹಿನ್ನೀರಿನ) ಸೇತುವೆ, ಆಮೇಲೆ ನಾಯ್‌ಗಾಂವ್, ಅದರ ಮುಂದಿನದೇ ನೀವು ಇಳಿಯುವ ವಸಾಯಿ ರೋಡ್. ನಾಯ್‌ಗಾಂವ್‌ನಿಂದಲೇ ಬಾಗಿಲ ಬಳಿ ಸರಿದುಕೊಳ್ಳಿ.

ನಿಲ್ದಾಣದ ಹೆಸರಿನಲ್ಲಿ 'ರೋಡ್' ಇದೆಯೆಂದರೆ ಊರು ದೂರ ಎಂದರ್ಥ. ಕೋಟೆ ಇನ್ನೂ ಆರೇಳು ಕಿಲೋಮೀಟರ್ ಆಚೆಗಿದೆ. ಪಶ್ಚಿಮಕ್ಕೆ ಇಳಿದು ಮೊದಲು ತಿಂಡಿ ಮುಗಿಸಿ, ಒಬ್ಬೊಬ್ಬರಿಗೆ ಎರಡು ಲೀಟರಿನಂತೆ ನೀರು ಇಟ್ಟುಕೊಳ್ಳಿ, ಶೌಚದ ಕೆಲಸವನ್ನೂ ಇಲ್ಲೇ ತೀರಿಸಿ. ಕೋಟೆಯೊಳಗೆ ಇವುಗಳನ್ನು ನಂಬಿಕೊಳ್ಳುವಂತಿಲ್ಲ. ಆಮೇಲೆ ಬಸ್ಸು ಅಥವಾ ಶೇರ್ ರಿಕ್ಷಾ. ರಿಕ್ಷಾದವನು ಹಳೆಯ ವಸಾಯಿ ಊರಿನ ವೃತ್ತವಾದ ಪಾರ್‌ನಾಕಾದಲ್ಲಿ ಇಳಿಸಿದರೂ ಚಿಂತೆಯಿಲ್ಲ, ಅಲ್ಲಿಂದ ನಡೆದೇ ಹೋಗಬಹುದು. 'ವಸಾಯಿ' ಎಂದಷ್ಟೇ ಹೇಳಬೇಡಿ, 'ಕಿಲ್ಲಾ' (ಕೋಟೆ) ಎನ್ನಿ.

ಕೋಟೆಗೆ ಪ್ರವೇಶ ಶುಲ್ಕವಿಲ್ಲ. ದಾರಿ ತೋರುವ ಫಲಕಗಳೂ ಕಡಿಮೆ, ಹಾಗಾಗಿ ಬಹಳ ಜನ ಒಂದು ಇಗರ್ಜಿಯ (ಚರ್ಚಿನ) ಮುಂದೆ ಫೋಟೋ ತೆಗೆಸಿಕೊಂಡು ಮರಳುತ್ತಾರೆ. ಇದು ಬರೀ ಕೋಟೆಯಲ್ಲ, ಗೋಡೆಯೊಳಗಿದ್ದ ಇಡೀ ಪಟ್ಟಣ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ನೋಡುವ ಕ್ರಮ ತಾನೇ ಹೊಳೆಯುತ್ತದೆ. 1534ರಲ್ಲಿ ಗುಜರಾತಿನ ಬಹಾದೂರ್ ಶಾ ವಸಾಯಿಯನ್ನು ಪೋರ್ಚುಗೀಸರಿಗೆ ಬಿಟ್ಟುಕೊಟ್ಟ. ಮುಂದಿನ ಇನ್ನೂರು ವರ್ಷ ಅವರ ಉತ್ತರ ಪ್ರಾಂತ್ಯದ ಆಡಳಿತ ಇಲ್ಲಿಂದಲೇ ನಡೆಯಿತು.

ಊರಿನ ಕಡೆಗಿರುವ ನೆಲದ ಬಾಗಿಲಿನಿಂದ ಶುರುಮಾಡಿ, ನೀರಿನ ಕಡೆಗಿರುವ ಕಡಲ ಬಾಗಿಲಿನಲ್ಲಿ ಮುಗಿಸಿ. ಮೊದಲು ಬಿಸಿಲೇರುವ ಮುನ್ನ ಗೋಡೆಗಳನ್ನೂ ಕೊತ್ತಲಗಳನ್ನೂ ನೋಡಿಬಿಡಬೇಕು. ಒಟ್ಟು ಹತ್ತು ಕೊತ್ತಲಗಳಿವೆ. 1739ರಲ್ಲಿ ಮರಾಠರ ಸೇನಾನಿ, ಪೇಶ್ವೆ ಬಾಜಿರಾಯನ ತಮ್ಮ ಚಿಮಾಜಿ ಅಪ್ಪನ ಸೇನೆ ಸುರಂಗ ತೋಡಿ ಸಿಡಿಮದ್ದಿಟ್ಟು ಒಡೆದದ್ದು ಸೇಂಟ್ ಸೆಬಾಸ್ಟಿಯನ್ ಕೊತ್ತಲವನ್ನು. ಪಟ್ಟಣ ಶರಣಾದ ಮೇಲೆ ಇಲ್ಲಿನ ಇಗರ್ಜಿಗಳ ಗಂಟೆಗಳು ಮರಾಠರ ಗುಡಿಗಳನ್ನು ಸೇರಿದವು. ನಾಸಿಕದ ನಾರೋಶಂಕರ ಗುಡಿಯ ದೊಡ್ಡ ಗಂಟೆ ಇಲ್ಲಿಯದೇ.

ನಡುಹಗಲಿಗೆ ಇಗರ್ಜಿಗಳು, ಏಕೆಂದರೆ ನೆರಳಿರುವುದು ಅಲ್ಲೇ. ಫ್ರಾನ್ಸಿಸ್ಕನ್ ಪಂಥದ ಸಂನ್ಯಾಸಿಗಳ ಸೇಂಟ್ ಆಂಥನಿ ಇಗರ್ಜಿಗೆ ಅರ್ಧ ತಾಸಾದರೂ ಕೊಡಿ: ನೆಲದ ತುಂಬ ಪೋರ್ಚುಗೀಸ್ ಬರಹದ ಗೋರಿಕಲ್ಲುಗಳಿವೆ. ಅಕ್ಷರ ಸವೆಯುತ್ತಿವೆ, ತುಳಿಯದೆ ಬದಿಯಿಂದ ನಡೆಯಿರಿ. ಇನ್ನೊಂದು ಪಂಥವಾದ ಜೆಸ್ಯುಯಿಟರ ಇಗರ್ಜಿಯನ್ನು ಈಗ ಗೊನ್ಸಾಲೊ ಗಾರ್ಸಿಯಾ ಹೆಸರಿನಿಂದ ಕರೆಯುತ್ತಾರೆ. ವಸಾಯಿಯಲ್ಲೇ ಹುಟ್ಟಿ 1597ರಲ್ಲಿ ನಾಗಸಾಕಿಯಲ್ಲಿ ಶಿಲುಬೆಗೇರಿದ ಆತ ಭಾರತದಲ್ಲಿ ಹುಟ್ಟಿದ ಮೊದಲ ಸಂತ. ಸೇಂಟ್ ಜೋಸೆಫ್ ಇಗರ್ಜಿಯ ಗೋಪುರ ದೂರದಿಂದಲೇ ಕಾಣುವುದರಿಂದ ದಾರಿ ತಪ್ಪಿದಾಗ ಅದನ್ನೇ ಗುರುತಾಗಿಟ್ಟುಕೊಳ್ಳಿ. ಸವೆದ ಮೆಟ್ಟಿಲುಗಳನ್ನು ಹತ್ತುವ ಸಾಹಸ ಬೇಡ, ಮಳೆಗಾಲದಲ್ಲಂತೂ ಖಂಡಿತ ಬೇಡ.

ಮಳೆ ನಿಂತ ಮೇಲೂ ಕೆಲವು ವಾರ ಹುಲ್ಲು ಎದೆಮಟ್ಟ ಇರುತ್ತದೆ, ಹಾವಿನ ಭಯವೂ ಇದೆ. ಕಾಲು ಮುಚ್ಚುವ ಬೂಟು ಹಾಕಿ, ಕಾಲುದಾರಿ ಬಿಡಬೇಡಿ.

ಕಡಲ ಬಾಗಿಲಿನ ಹೊರಗೆ ಕಿಲ್ಲಾ ಬಂದರದ ಮೀನುಗಾರರ ಕೇರಿ, ಜೆಟ್ಟಿ. 2024ರ ಫೆಬ್ರವರಿಯಲ್ಲಿ ಇಲ್ಲಿಂದ ಭಾಯಂದರಿಗೆ ವಾಹನಗಳನ್ನೂ ಸಾಗಿಸುವ ರೋ-ರೋ ದೋಣಿ ಶುರುವಾಯಿತು. ಮರಳಲು ಅದನ್ನು ಹಿಡಿದರೆ ಖಾಡಿಯಿಂದ ಕೋಟೆ ಹೇಗೆ ಕಾಣುತ್ತದೆಂದು ನೋಡಬಹುದು. ಭಾಯಂದರಿನಲ್ಲಿ ಲೋಕಲ್ ಸಿಗುತ್ತದೆ. ಆ ದಿನ ದೋಣಿ ಓಡುತ್ತಿದೆಯೇ, ಕೊನೆಯದು ಎಷ್ಟು ಗಂಟೆಗೆ ಎಂದು ಮಧ್ಯಾಹ್ನವೇ ವಿಚಾರಿಸಿ. ಇಲ್ಲವಾದರೆ ಕತ್ತಲಾಗುವ ಮೊದಲೇ ಪಾರ್‌ನಾಕಾಕ್ಕೆ ಬಂದು ರಿಕ್ಷಾ ಹಿಡಿಯಿರಿ. ಪೇಟೆಯಲ್ಲಿ ಸುಕೇಳಿ ಸಿಕ್ಕರೆ ಒಂದು ಪೊಟ್ಟಣ ಕೊಳ್ಳಿ: ರಾಜೇಳಿ ಬಾಳೆಹಣ್ಣನ್ನು ಬಿಸಿಲಿನಲ್ಲಿ ಒಣಗಿಸಿ ಮಾಡುವ ಇಲ್ಲಿನ ಹಳೆಯ ತಿನಿಸು ಅದು.